ಇದಕ್ಕಿಂತ ಉದ್ದ ಬರೆಯುವ ಪುಣ್ಯಾತ್ಮ

ಮಾರ್ಚ್ 4

ಮಾನ್ಯ ಮೀಸೆಯವರಿಗೆ ನಮಸ್ಕಾರಗಳು.

ಲೋಕವೆಲ್ಲ ನಿಮ್ಮನ್ನು ಕರೆಯುವ ಹಾಗೆ ನಾನೂ ಕರೆದಿದ್ದೇನೆ, ತಪ್ಪು ತಿಳಿಯಬೇಡಿ. ನಾನು ಒಂದು ಹೆರಿಗೆ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ನಮ್ಮ ಮೇಲ್ ಸರ್ವರ್ ಇರುವುದು ಹಾಸಿಗೆ ಬಟ್ಟೆಯ ಕೋಣೆಯ ಪಕ್ಕದ ಬೀರುವಿನಲ್ಲಿ. ಅದರಲ್ಲಿ ಓಡುತ್ತಿರುವುದು ನೀವು ಬರೆದು ಊರಿಗೆಲ್ಲ ಧರ್ಮಕ್ಕೆ ಹಂಚಿದ, ಮೇಲ್ ಹೊರುವ ‘ಪಾರಿವಾಳ’ ಎಂಬ ಪ್ರೋಗ್ರಾಮು.

ಇಮೇಲ್ ಬಿಟ್ಟು ಕಾಗದ ಯಾಕೆ ಎಂದು ನಿಮಗೆ ಆಶ್ಚರ್ಯವಾಗಿರಬಹುದು. ನಾನು ಹೇಳಬೇಕಾದದ್ದು ಪಾರಿವಾಳದಲ್ಲಿರುವ ಒಂದು ತೂತಿನ ವಿಷಯ. ನಿಮ್ಮ ಮೇಲ್ ಕೂಡ ಪಾರಿವಾಳದ ಮೂಲಕವೇ ಬರುತ್ತದೆ. ಆ ಸುದ್ದಿಯನ್ನು ಅದರ ಕಾಲಿಗೇ ಕಟ್ಟಿ ಕಳಿಸುವುದೆಂದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ಕೆಲವು ವಾರಗಳಿಂದ ನಮ್ಮ ಸರ್ವರ್ ಆಗಾಗ ಕುಸಿದು ಬೀಳುತ್ತಿತ್ತು. ಮೊದಲು ಧೂಳಿನ ಮೇಲೆ ಅನುಮಾನ ಬಂತು, ಆಮೇಲೆ ಕರೆಂಟಿನ ಮೇಲೆ. ದಾದಿಯರು ಬೀರುವಿನ ಬಿಸಿಗೆ ಒದ್ದೆ ಕಾಲುಚೀಲ ಒಣಗಹಾಕುತ್ತಿದ್ದರು, ಅವರನ್ನೂ ಗದರಿಸಿದೆ. ಪಾಪ, ಅವರದ್ದೇನೂ ತಪ್ಪಿರಲಿಲ್ಲ. ಕೊನೆಗೆ ನೋಡಿದರೆ ಅದು ಬೀಳುತ್ತಿದ್ದುದು ನಮ್ಮಮ್ಮನ ಮೇಲ್ ಬಂದಾಗ. ಅದೂ ಎಲ್ಲ ಮೇಲ್‌ಗೂ ಅಲ್ಲ, ಅಮ್ಮ ಖುಷಿಯಲ್ಲಿದ್ದಾಗ ಬರೆದದ್ದಕ್ಕೆ ಮಾತ್ರ.

ಅಮ್ಮ ಊರೂರು ಸುತ್ತುವ ಒಂದು ನಾಟಕ ತಂಡದ ದರ್ಜಿ. ಐವತ್ತು ದಾಟಿದ ಮೇಲೆ ‘ಇನ್ನು ಪರದೆ, ದಿಂಬಿನ ಚೀಲ ಹೊಲಿದದ್ದು ಸಾಕು’ ಎಂದು ಎದ್ದು ಹೋದಳು. ಹೋದ ಊರಿನಲ್ಲೆಲ್ಲ ವಸತಿಗೃಹದ ಕಂಪ್ಯೂಟರಿನ ಮುಂದೆ ಕೂತು ನನಗೆ ಬರೆಯುತ್ತಾಳೆ. ಬರೆಯುವುದೆಲ್ಲ ಮೇಲಿನ ವಿಷಯದ ಸಾಲಿನಲ್ಲೇ. ಕೆಳಗಿನ ದೊಡ್ಡ ಜಾಗ ಖಾಲಿ. “ಯಾಕಮ್ಮಾ, ಕೆಳಗೆ ಅಷ್ಟೊಂದು ಜಾಗ ಇದೆಯಲ್ಲ?” ಅಂತ ಒಮ್ಮೆ ಕೇಳಿದ್ದೆ. “ಅದು ನೀನು ಉತ್ತರ ಬರೀಲಿ ಅಂತ ಬಿಟ್ಟಿರೋ ಜಾಗ ಅಲ್ವೇನೇ?” ಅಂದಳು. ನಾನು ತಿದ್ದಲು ಹೋಗಲಿಲ್ಲ.

ಪಾರಿವಾಳ ವಿಷಯದ ಸಾಲಿಗೆಂದು ಇನ್ನೂರೈವತ್ತು ಅಕ್ಷರ ಹಿಡಿಸುವ ಜಾಗ ಇಟ್ಟುಕೊಂಡಿದೆ. ಬಂದದ್ದು ಎಷ್ಟುದ್ದ ಎಂದು ಅಳೆಯದೆ ಅದರೊಳಗೆ ಸುರಿಯುತ್ತದೆ, ತುಂಬಿದ ಮೇಲೂ ಸುರಿಯುತ್ತಲೇ ಇರುತ್ತದೆ. ಹಾಲು ಉಕ್ಕಿದರೆ ಒಲೆಯ ಮೇಲೆ ತಾನೇ ಚೆಲ್ಲುವುದು? ಹಾಗೆಯೇ ಉಕ್ಕಿದ ಅಕ್ಷರಗಳು ಪಕ್ಕದ ಜಾಗದ ಮೇಲೆ ಚೆಲ್ಲುತ್ತವೆ. ಅಲ್ಲಿ ಪಾರಿವಾಳ ‘ಮುಂದೆ ಎಲ್ಲಿಗೆ ಹೋಗಬೇಕು’ ಎಂದು ತನಗೇ ಗುರುತು ಬರೆದಿಟ್ಟುಕೊಂಡಿರುತ್ತದೆ. ಆ ಗುರುತು ಅಳಿಸಿಹೋಗುತ್ತದೆ. ಅಮ್ಮನ ಮೇಲ್ ಆದರೆ ಪಾರಿವಾಳ ದಾರಿ ತಪ್ಪಿ ಬೀಳುತ್ತದೆ, ಅಷ್ಟೇ. ಆದರೆ ಯಾವನಾದರೂ ತಿಳಿದ ಕಿಡಿಗೇಡಿ ಲೆಕ್ಕ ಹಾಕಿ, ಆ ಗುರುತಿನ ಜಾಗಕ್ಕೆ ತನ್ನ ಗುರುತು ಬೀಳುವ ಹಾಗೆ ಬರೆದರೆ ಸರ್ವರ್ ಅವನು ತಾಳ ಹಾಕಿದಂತೆ ಕುಣಿಯುತ್ತದೆ. ಬಫರ್ ಓವರ್‌ಫ್ಲೋ ಎಂದರೆ ಏನೆಂದು ನಿಮಗೆ ನಾನು ಹೇಳಿಕೊಡುವುದು ಅಧಿಕಪ್ರಸಂಗ. ಆದರೂ ನಮ್ಮಲ್ಲಿ ಬಾಣಂತಿಯರ ಗುಟ್ಟಿನ ಕಾಗದಪತ್ರಗಳೆಲ್ಲ ಆ ಸರ್ವರಿನಲ್ಲಿವೆ, ನನಗೆ ಭಯ.

ನಿಮ್ಮ ಪ್ರೋಗ್ರಾಮಿನಲ್ಲಿ ಆ ಜಾಗದ ಪಕ್ಕ ನೀವೇ ಬರೆದ ಟಿಪ್ಪಣಿ ಇದೆ: ‘ಇಷ್ಟು ಸಾಕು. ಇದಕ್ಕಿಂತ ಉದ್ದ ಬರೆಯುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ.’

ಹುಟ್ಟಿದ್ದಾಳೆ ಸ್ವಾಮಿ. ನಮ್ಮಮ್ಮ.

ಈ ಕೆಲಸದ ಪದ್ಧತಿಯಂತೆ, ನೀವು ತೂತು ಮುಚ್ಚಿ ಎಲ್ಲರಿಗೂ ಹಂಚುವ ತನಕ ನಾನು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಅಮ್ಮನ ಹತ್ತಿರವೂ. ಹಾಗೆಯೇ, ‘ಪಾರಿವಾಳದಲ್ಲಿ ತೂತು ತೋರಿಸಿದರೆ ಮೀಸೆ ಬೋಳಿಸುತ್ತೇನೆ’ ಎಂದು ನೀವು ನಿಮ್ಮ ವೆಬ್ ಪುಟದಲ್ಲಿ ಹಾಕಿದ ಪಂಥದ ಮೇಲೆ ನನಗೇನೂ ಆಸೆಯಿಲ್ಲ. ಮೀಸೆ ನಿಮ್ಮಲ್ಲೇ ಇರಲಿ.

ಇಂತಿ,
ಸರ್ವರ್ ಕಾಯುವವಳು

—

ಮಾರ್ಚ್ 12

ಎಲೈ ಕ್ಷೌರಿಕನೇ,

ಶಭಾಷ್! ಈ ಸಲ ನಿನ್ನ ಕೈಚಳಕ ಮೆಚ್ಚಿದೆ. ಹೋದ ಸಲ ನನ್ನ ಮೀಸೆಯ ಆಸೆಗೆ ‘ನಿಮ್ಮ ಪಾರಿವಾಳಕ್ಕೆ ನೆಗಡಿಯಾಗಿದೆ’ ಅಂತ ಬರೆದು ಸಿಕ್ಕಿಬಿದ್ದೆ. ಈಗ ಅಕ್ಷರ ಯಾರದ್ದೋ, ಅಂಚೆಯ ಮೊಹರು ಎಲ್ಲಿಯದೋ. ಯಾವ ನೆಂಟರ ಮನೆಯ ಹುಡುಗಿಯ ಕೈಕಾಲು ಹಿಡಿದು ಬರೆಸಿದೆ? ತಾಳ ಹಾಕಿದಂತೆ ಕುಣಿಯುತ್ತದಂತೆ! ನಾಟಕದ ದರ್ಜಿಯಂತೆ! ಇಷ್ಟು ಕಲ್ಪನೆ ಇಟ್ಟುಕೊಂಡು ನೀನು ಜನರ ಗಡ್ಡ ಕೆರೆಯುತ್ತ ಕೂತಿರುವುದು ನಾಡಿನ ದುರ್ದೈವ.

ನನ್ನ ಮನೆಯ ಕೆಳಗೇ ಅಂಗಡಿ ಇಟ್ಟುಕೊಂಡು, ನಾನು ಮೆಟ್ಟಿಲಿಳಿದಾಗಲೆಲ್ಲ ಕತ್ತಿ ಮಸೆದು ತೋರಿಸುತ್ತೀಯ. ಮಸೆಯುತ್ತಿರು. ಟೆಲಿಫೋನ್ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ ಬಿಟ್ಟ ಮೀಸೆ ಇದು, ನಿನ್ನ ಕತ್ತಿ ಸವೆಯುತ್ತದೆಯೇ ಹೊರತು ಇದರ ಒಂದು ಕೂದಲೂ ಅಲ್ಲಾಡುವುದಿಲ್ಲ. ಈ ಉತ್ತರವನ್ನು ನಿನ್ನ ಕಾಗದದಲ್ಲಿದ್ದ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಆ ಹುಡುಗಿಗೂ ಗೊತ್ತಾಗಲಿ, ಯಾರಿಗೆ ಟೋಪಿ ಹಾಕಲು ಹೊರಟಿದ್ದಳೆಂದು.

ಮೀಸೆ

—

ಮಾರ್ಚ್ 20

ಮಾನ್ಯರೇ,

ನಾನು ಕ್ಷೌರಿಕರ ನೆಂಟರ ಹುಡುಗಿಯಲ್ಲ. ಅವರನ್ನು ನೋಡಿಯೂ ಇಲ್ಲ, ಆದರೆ ನಿಮ್ಮ ಕಾಗದ ಓದಿ ನೋಡಬೇಕೆಂದು ಆಸೆಯಾಗಿದೆ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ನೀವೇ ಪರೀಕ್ಷೆ ಮಾಡಿ. ಸರ್ವರ್ ಬೀಳಿಸಿದ ಅಮ್ಮನ ಒಂದು ಸಾಲನ್ನು ಇಲ್ಲಿ ಇದ್ದದ್ದು ಇದ್ದ ಹಾಗೆ ನಕಲು ಮಾಡಿದ್ದೇನೆ. ಅಮ್ಮ ಚುಕ್ಕೆ ಹಾಕುವವಳಲ್ಲ, ಉಸಿರು ನೀವೇ ಹುಡುಕಿಕೊಳ್ಳಿ. ಹೊರಗಿನ ತಂತಿಯನ್ನೆಲ್ಲ ಕಿತ್ತ ಒಂದು ಯಂತ್ರದಲ್ಲಿ ಪಾರಿವಾಳ ಓಡಿಸಿ, ವಿಷಯದ ಸಾಲಿನಲ್ಲಿ ಇದನ್ನು ಟೈಪ್ ಮಾಡಿ ಕಳಿಸಿ.

‘ಮಗಳೇ ನಿನ್ನೆ ಏನಾಯ್ತು ಗೊತ್ತಾ ಮೂರನೇ ಅಂಕದಲ್ಲಿ ರಾಜ ಸಿಂಹಾಸನದಿಂದ ಎದ್ದು ಕತ್ತಿ ಎಳೆದ ಬರ್ಲಿಲ್ಲ ಇನ್ನೂ ಜೋರಾಗಿ ಎಳೆದ ಕತ್ತಿ ಬಂತು ಅದರ ಜೊತೆ ಟರ್ ಅಂತ ಸದ್ದೂ ಬಂತು ಷರಾಯಿ ಹಿಂದ್ಗಡೆ ಹೊಲಿಗೆ ಪೂರ್ತಿ ಬಿಚ್ಕೊಂಡಿತ್ತು ಅದು ನಾನು ಹೊಲಿದಿದ್ದಲ್ಲ ಹಿಂದಿನ ದರ್ಜಿದು ದೇವರಾಣೆ ಜನ ನಗೋಕೆ ಬಾಯಿ ತೆಗೆಯೋದರೊಳಗೆ ರಾಣಿ ಏನ್ ಮಾಡಿದ್ಲು ಗೊತ್ತಾ ತನ್ನ ಶಾಲು ಬಿಚ್ಚಿ ಅವನ ಸೊಂಟಕ್ಕೆ ಸುತ್ತಿ ಹೋಗಿ ಗೆದ್ದು ಬನ್ನಿ ಪ್ರಭು ಹೊರಗೆ ಗಾಳಿ ಜಾಸ್ತಿ ಅಂದ್ಲು ಚಪ್ಪಾಳೆ ಅಂದ್ರೆ ಚಪ್ಪಾಳೆ ನಾನು ಪರದೆ ಹಿಂದೆ ಸೂಜಿ ಹಿಡ್ಕೊಂಡು ನಕ್ಕೂ ನಕ್ಕೂ ಸುಸ್ತಾದೆ ನೀನು ಇರಬೇಕಿತ್ತು ಕಣೇ’

ತೂತು ಮುಚ್ಚುವ ತನಕ ನಮ್ಮ ಸರ್ವರ್ ಬೀಳದಿರಲೆಂದು ಅಮ್ಮನಿಗೆ ಫೋನ್ ಮಾಡಿ ‘ಸ್ವಲ್ಪ ದಿನ ಚಿಕ್ಕದಾಗಿ ಬರಿ’ ಎಂದಿದ್ದೇನೆ. ಕಾರಣ ಹೇಳುವ ಹಾಗಿರಲಿಲ್ಲ. ಅಮ್ಮ ಸರಿ ಎಂದಳು. ಈಗ ಚಿಕ್ಕದಾಗಿಯೇ ಬರೆಯುತ್ತಿದ್ದಾಳೆ. ಅದಿರಲಿ, ನೀವು ಬೇಗ ನೋಡಿ.

ಸರ್ವರ್ ಕಾಯುವವಳು

—

ಏಪ್ರಿಲ್ 5

ಮಾನ್ಯರೇ,

ನಿಮ್ಮಿಂದ ಉತ್ತರವಿಲ್ಲ. ಕಾಗದ ತಲುಪಿತೋ ಇಲ್ಲವೋ ತಿಳಿಯದು. ತಲುಪಿ ನಿಮಗೆ ಕೋಪ ಬಂದಿದ್ದರೆ ಕ್ಷಮೆಯಿರಲಿ, ನಿಮ್ಮ ಹೆಸರಿಗೆ ಮಸಿ ಬಳಿಯುವ ಉದ್ದೇಶ ನನಗಿಲ್ಲ. ಇಷ್ಟು ವರ್ಷ ನಮ್ಮ ಮೇಲ್ ಹೊತ್ತ ಹಕ್ಕಿ ಅದು. ರೆಕ್ಕೆ ಮುರಿದಿದೆ ಎಂದು ಹೇಳಿದರೆ ಹಕ್ಕಿಯನ್ನು ಬೈದಂತಲ್ಲ.

ಇಲ್ಲಿ ನಾನು ಸರ್ವರಿನ ಬೀರುವಿನ ಮುಂದೆ ಸ್ಟೂಲು ಹಾಕಿಕೊಂಡು ಕೂತು ಕಾಯುತ್ತಿದ್ದೇನೆ. ಉಪಾಯವಿದ್ದರೆ ಒಂದು ಸಾಲು ಬರೆಯಿರಿ.

ಸ.ಕಾ.

—

ಏಪ್ರಿಲ್ 9

ತಾಯೀ,

ಕ್ಷಮೆ ಕೇಳಬೇಕಾದವನು ನಾನು. ಮುಖ ನೋಡದ ಹೆಣ್ಣುಮಗಳಿಗೆ ‘ಎಲೈ’ ಎಂದು ಬರೆದೆನಲ್ಲ, ನನ್ನ ಬಾಯಿಗೆ ಬೀಗ ಬೀಳಲಿ.

ನಿಮ್ಮ ಎರಡನೇ ಕಾಗದ ಬಂದ ದಿನವೇ ಪರೀಕ್ಷೆ ಮಾಡಿದೆ. ನನ್ನ ಹೆಂಡತಿ ಅಮ್ಮನವರ ಸಾಲನ್ನು ಗಟ್ಟಿಯಾಗಿ ಓದುತ್ತ ಹೋದಳು, ನಾನು ಟೈಪ್ ಮಾಡುತ್ತ ಹೋದೆ. ಕ್ಷೌರಿಕ ಕೆಳಗಿನಿಂದ ಕತ್ತಿ ಕೈಯಲ್ಲೇ ಹಿಡಿದು ಮೇಲೆ ಬಂದ. ಗಿರಾಕಿ ಅರ್ಧ ಗಡ್ಡದಲ್ಲಿ ಹಿಂದೆಯೇ ಬಂದ. ‘ಗಾಳಿ ಜಾಸ್ತಿ’ ಎಂಬಲ್ಲಿ ಮೂವರೂ ಬಿದ್ದು ಬಿದ್ದು ನಕ್ಕರು. ನಾನು ಕಳಿಸುವ ಗುಂಡಿ ಒತ್ತಿದೆ. ಪಾರಿವಾಳವೂ ಬಿತ್ತು. ಆಗ ಯಾರೂ ನಗಲಿಲ್ಲ.

ಆಮೇಲೆ ನಾನು ಮಾಡಿದ್ದು ನಾಚಿಕೆಗೇಡು. ಮುನಿಸಿಕೊಂಡು ಕೂತೆ. ‘ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಹಾಗೆ, ಅದು ತೂತಲ್ಲ, ಸಣ್ಣ ಗೀರು ಎಂದು ಮನೆಯಲ್ಲಿ ವಾದ ಮಾಡಿದೆ. ನಿಮ್ಮ ಮೂರನೇ ಕಾಗದದ ಹಕ್ಕಿಯ ಮಾತು ಓದಿ ನನ್ನ ಹೆಂಡತಿ, “ಆ ಮಗು ಸ್ಟೂಲ್ ಮೇಲೆ ಕೂತು ಕಾಯ್ತಿದೆ, ನೀವಿಲ್ಲಿ ಮೂತಿ ಊದಿಸ್ಕೊಂಡು ಕೂತಿದೀರಿ,” ಎಂದಳು. ಎದ್ದು ಕೂತು ಕೆಲಸ ಮಾಡಿದೆ.

ತೂತು ಮುಚ್ಚಿದೆ. ಇನ್ನೂರೈವತ್ತು ಅಕ್ಷರ ತುಂಬಿದ ಕೂಡಲೇ ಕತ್ತರಿ, ಮಿಕ್ಕದ್ದು ಕಸದ ಬುಟ್ಟಿಗೆ. ತಿದ್ದುಪಡಿ ಮೂರೇ ಸಾಲು, ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಎಲ್ಲರಿಗೂ ಹಂಚುವ ಮೊದಲು ನಿಮ್ಮ ಕಣ್ಣಿಗೊಮ್ಮೆ ಬೀಳಲಿ. ಮೀಸೆಯ ವಿಷಯ ಆಮೇಲೆ ಮಾತಾಡೋಣ.

ಮೀಸೆ (ಸದ್ಯಕ್ಕೆ)

—

ಏಪ್ರಿಲ್ 16

ಮಾನ್ಯರೇ,

ತಿದ್ದುಪಡಿ ಹಾಕಿ ನೋಡಿದೆ. ಸರ್ವರ್ ಬೀಳುವುದಿಲ್ಲ. ತೂತು ಮುಚ್ಚಿದೆ. ಧನ್ಯವಾದಗಳು.

ಸ.ಕಾ.

—

ಏಪ್ರಿಲ್ 22

ತಾಯೀ,

ನಿಮ್ಮ ಕಾಗದ ಓದಿ ನಾನು ಸಂತೋಷದಿಂದ ಕುಪ್ಪಳಿಸುವವನಿದ್ದೆ. ನನ್ನ ಹೆಂಡತಿ ಕಾಗದವನ್ನು ತಿರುಗಿಸಿ ನೋಡಿದಳು, ಲಕೋಟೆಯೊಳಗೆ ಇಣುಕಿ ನೋಡಿದಳು. “ಇಷ್ಟೇನಾ?” ಎಂದಳು. “ದಾದಿಯರ ಕಾಲುಚೀಲದ ಕಥೆ ಬರೆದ ಹುಡುಗಿ ಇಷ್ಟು ಚಿಕ್ಕ ಕಾಗದ ಬರೆಯೋಳಲ್ಲ. ಏನೋ ನುಂಗ್ಕೊಂಡಿದಾಳೆ. ಕೇಳಿ.”

ಕೇಳುತ್ತಿದ್ದೇನೆ. ಹಂಚುವುದನ್ನು ತಡೆಹಿಡಿದಿದ್ದೇನೆ. ಕತ್ತರಿಯಲ್ಲಿ ಏನಾದರೂ ತಪ್ಪಿದೆಯೇ? ಮುಲಾಜಿಲ್ಲದೆ ಹೇಳಿ. ಹೇಗೂ ಮೀಸೆ ಹೋಗುವುದೇ, ಇನ್ನು ಮರ್ಯಾದೆಯ ಚಿಂತೆ ಯಾಕೆ.

ಮೀಸೆ

—

ಏಪ್ರಿಲ್ 29

ಮೀಸೆ ಮಾವನವರಿಗೆ,

ನಿಮ್ಮ ಮನೆಯವರಿಗೆ ಮೊದಲು ನಮಸ್ಕಾರ. ನಾನು ಅವರನ್ನು ಅತ್ತೆ ಎನ್ನುತ್ತೇನೆ, ಆಗ ನೀವು ಮಾವ ಆಗಲೇಬೇಕು.

ಕತ್ತರಿಯಲ್ಲಿ ತಪ್ಪಿಲ್ಲ. ಕೆಲಸದವಳಾಗಿ ನಾನು ಅದಕ್ಕೆ ಸಹಿ ಹಾಕುತ್ತೇನೆ. ಆದರೆ ಅಮ್ಮನ ಆ ಸಾಲನ್ನು ಹೊಸ ಪಾರಿವಾಳದಲ್ಲಿ ಕಳಿಸಿ ನೋಡಿದೆ. ಷರಾಯಿ ಹರಿಯಿತು, ‘ನಾನು ಹೊಲಿದಿದ್ದಲ್ಲ’ ಎಂಬಷ್ಟರಲ್ಲಿ ಕತ್ತರಿ ಬಿತ್ತು. ರಾಜ ಹಾಗೇ ನಿಂತುಬಿಟ್ಟ. ರಾಣಿ ಬರಲೇ ಇಲ್ಲ.

ನಿಜ ಹೇಳಿಬಿಡುತ್ತೇನೆ. ‘ಚಿಕ್ಕದಾಗಿ ಬರಿ’ ಎಂದಾಗ ಅಮ್ಮ, “ಯಾಕೆ, ನನ್ನ ಹರಟೆ ಬೇಜಾರಾಯ್ತಾ?” ಎಂದು ಕೇಳಿದಳು. ಪದ್ಧತಿ ಪ್ರಕಾರ ನಾನು ಏನೂ ಹೇಳುವಂತಿರಲಿಲ್ಲ. “ಹಾಗಲ್ಲಮ್ಮಾ, ಕೆಲಸ ಜಾಸ್ತಿ,” ಎಂದು ತೊದಲಿದೆ. ಅಮ್ಮ ನಕ್ಕಳು. ಅಂದಿನಿಂದ ಅವಳ ವಿಷಯದ ಸಾಲಿನಲ್ಲಿ ಒಂದೇ ಪದ ಬರುತ್ತದೆ: ‘ಕ್ಷೇಮ’. ವಾರಕ್ಕೊಂದು ಕ್ಷೇಮ. ಫೋನಿನಲ್ಲಿ ಅಮ್ಮ ‘ಊಟ ಆಯ್ತಾ’ ಬಿಟ್ಟು ಇನ್ನೇನೂ ಮಾತಾಡುವವಳಲ್ಲ. ಅವಳ ಬಾಯಿ ಇರುವುದು ಆ ಸಾಲಿನಲ್ಲೇ. ನಮ್ಮಪ್ಪ ಹೋದ ಮೇಲೆ ಮನೆಯಲ್ಲಿ ಅಮ್ಮ ಮಾತೇ ಬಿಟ್ಟಿದ್ದಳು ಮಾವ. ನಾಟಕ ಸೇರಿದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಆ ಉದ್ದ ಸಾಲುಗಳು ಬರತೊಡಗಿದವು. ಸರ್ವರ್ ಬಿದ್ದದ್ದು ಆ ಖುಷಿಯ ಭಾರಕ್ಕೆ. ಈಗ ನಾನೇ ಅವಳ ಬಾಯಿ ಮುಚ್ಚಿಸಿದ್ದೇನೆ.

ತೂತು ಮುಚ್ಚಿದ ಮೇಲೆ ಕಾರಣ ಹೇಳಬಹುದು, ಸರಿ. ಆದರೆ ಆಮೇಲೂ ‘ಅಮ್ಮಾ, ಇನ್ನೂರೈವತ್ತರೊಳಗೆ ನಗು’ ಎಂದು ಹೇಗೆ ಹೇಳಲಿ? ಕೆಳಗಿನ ಜಾಗದಲ್ಲಿ ಬರಿ ಎಂದು ಕಲಿಸಬಹುದು, ಅದೂ ಸರಿ. ಆದರೆ ಆ ಜಾಗ ನನಗಾಗಿ ಬಿಟ್ಟದ್ದು.

ಬಾಣಂತಿಯರ ಕಾಗದಪತ್ರಗಳ ಮುಂದೆ ಇದು ದೊಡ್ಡ ಮಾತಲ್ಲವೆಂದು ನನಗೆ ಗೊತ್ತು. ಅದಕ್ಕೇ ಬರೆಯಲಿಲ್ಲ. ನೀವು ಹಂಚಿಬಿಡಿ.

ಸ.ಕಾ.

—

ಮೇ 14

ಮಗಳೇ,

ಇನ್ನು ‘ತಾಯೀ’, ‘ನೀವು’ ಎಲ್ಲ ಬಿಟ್ಟೆ. ಅತ್ತೆಯ ಅಪ್ಪಣೆ.

ನಿನ್ನ ಕಾಗದ ಬಂದ ದಿನವೇ ಕತ್ತರಿಯ ತಿದ್ದುಪಡಿಯನ್ನು ಹಂಚಿದೆ, ಕಿಡಿಗೇಡಿಗಳಿಗೆ ಬಾಗಿಲು ತೆರೆದಿಡುವಂತಿಲ್ಲವಲ್ಲ. ಆದರೆ ಅಲ್ಲಿಗೇ ಬಿಡಲಿಲ್ಲ. ಮೇಜಿನ ಮೇಲಿದ್ದ ಚಹಾ ಆರಿಹೋಗುವುದು, ಅತ್ತೆ ಮತ್ತೆ ಬಿಸಿ ಮಾಡಿ ತರುವುದು, ಅದೂ ಆರುವುದು, ಹೀಗೆ ಹತ್ತು ದಿನ. ಈಗ ಪಾರಿವಾಳ ವಿಷಯದ ಸಾಲು ಬಂದರೆ ಮೊದಲು ಅಳತೆ ತೆಗೆಯುತ್ತದೆ, ಆಮೇಲೆ ಆ ಅಳತೆಗೆ ತಕ್ಕ ಜಾಗ ಮಾಡುತ್ತದೆ, ಆಮೇಲೆ ಸುರಿಯುತ್ತದೆ. ನಿಮ್ಮಮ್ಮ ಬಟ್ಟೆ ಕತ್ತರಿಸುವ ಮುಂಚೆ ಇದನ್ನೇ ಮಾಡುತ್ತಾರೆ. ನಾನು ಮಾತ್ರ ಇಷ್ಟು ವರ್ಷ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದು ‘ಇದಕ್ಕಿಂತ ದಪ್ಪ ಯಾರಿದ್ದಾರೆ’ ಎಂದು ಕೂತಿದ್ದೆ. ನಾಟಕದ ಐದೂ ಅಂಕ ಒಂದೇ ಸಾಲಿನಲ್ಲಿ ಬಂದರೂ ಹಿಡಿಸುತ್ತದೆ. ಅದನ್ನೂ ಮೀರಿದರೆ ಪಾರಿವಾಳ ಬೀಳುವುದಿಲ್ಲ, ಕತ್ತರಿಸುವುದೂ ಇಲ್ಲ. ‘ದಯವಿಟ್ಟು ಎರಡು ಕಂತಿನಲ್ಲಿ ಕಳಿಸಿ’ ಎಂದು ಕೈಮುಗಿಯುತ್ತದೆ.

ನಿನ್ನೆ ಅದನ್ನೂ ಎಲ್ಲರಿಗೂ ಹಂಚಿದೆ. ತೂತಿನ ವಿಷಯ ಪುಟದಲ್ಲಿ ಬಹಿರಂಗವಾಗಿ ಹಾಕಿದೆ. ನೀನು ಯಾರಿಗೆ ಬೇಕಾದರೂ ಹೇಳಬಹುದು. ಅಮ್ಮನಿಗೆ ಮೊದಲು ಹೇಳು. ಹಳೆಯ ಟಿಪ್ಪಣಿ ಅಳಿಸಿ ಹೊಸದು ಬರೆದಿದ್ದೇನೆ: ‘ಪುಣ್ಯಾತ್ಮರು ಹುಟ್ಟಿದ್ದಾರೆ. ಜಾಗ ಬಿಡಿ.’

ಇನ್ನು ಮೀಸೆ. ನಿನಗೆ ಬೇಡವಾದರೂ ಪಂಥ ಪಂಥವೇ. ಇಂದು ಬೆಳಿಗ್ಗೆ ಕೆಳಗಿನ ಅಂಗಡಿಯ ಕುರ್ಚಿಯಲ್ಲಿ ಕೂತೆ. ಬೀದಿಯವರೆಲ್ಲ ಕಿಟಕಿಗೆ ಮೂಗು ಒತ್ತಿ ನಿಂತಿದ್ದರು. ಕ್ಷೌರಿಕ ಸಾಬೂನಿನ ನೊರೆ ಹಚ್ಚಿದ, ಕತ್ತಿ ಎತ್ತಿದ, ಇಳಿಸಿದ. ಮತ್ತೆ ಎತ್ತಿದ. “ನನ್ನ ಕೈಲಾಗಲ್ಲ ಸ್ವಾಮಿ. ದಿನಾ ಬೆಳಿಗ್ಗೆ ನೋಡಿದ ಮೀಸೆ ಇದು,” ಎಂದು ಕಣ್ಣೊರೆಸಿಕೊಂಡ. ಅವನಿಗೆ ನಾನೇ ಸಮಾಧಾನ ಹೇಳಬೇಕಾಯಿತು. ಕೊನೆಗೆ ನಿಮ್ಮತ್ತೆ, “ಕೊಡಿ ಇಲ್ಲಿ,” ಎಂದು ಅಂಗಡಿಯ ಕತ್ತರಿ ಎತ್ತಿಕೊಂಡು ಎಡಬಲ ಎರಡನ್ನೂ ಬುಡಕ್ಕೇ ಕತ್ತರಿಸಿದಳು. ಮಿಕ್ಕ ಬುಡವನ್ನು ಕ್ಷೌರಿಕ ಕಣ್ಣು ಮುಚ್ಚಿಕೊಂಡೇ ನುಣ್ಣಗೆ ಮಾಡಿದ.

ನಿಮ್ಮತ್ತೆ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, “ಅಯ್ಯೋ, ಮದುವೆಗೆ ಮುಂಚೆ ನೋಡೋಕೆ ಬಂದಿದ್ದ ಹುಡುಗ ಇವನೇ ಅಲ್ವಾ, ಎಲ್ಲಿಗೆ ಹೋಗಿದ್ದ ಇಷ್ಟು ವರ್ಷ?” ಎಂದಳು. ಇಡೀ ಬೀದಿ ಕೇಳಿಸಿಕೊಂಡಿತು. ನನ್ನ ಕಿವಿ ಇನ್ನೂ ಕೆಂಪಗಿದೆ.

ಹಳೇ ಮೀಸೆ, ಹೊಸ ಮಾವ

—

ಮೇ 26

ಮಾವನವರಿಗೆ, ಅತ್ತೆಯವರಿಗೆ,

ಎದೆ ತುಂಬಿ ಬಂದಿದೆ, ಎಲ್ಲಿಂದ ಶುರು ಮಾಡಲಿ!

ಹೊಸ ಪಾರಿವಾಳ ಹಾಕಿದೆ. ಅಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ಹಾಲು ಉಕ್ಕಿದ್ದು, ನಿಮ್ಮ ಟಿಪ್ಪಣಿ, ರಾಣಿ ಬಾರದೆ ರಾಜ ನಿಂತದ್ದು, ಮೀಸೆ. ಅಮ್ಮ, “ಅಂದ್ರೆ ನಿನಗೆ ಬೇಜಾರಾಗಿರ್ಲಿಲ್ವಾ?” ಎಂದಳು. ಅಷ್ಟೆಲ್ಲ ಹೇಳಿದ್ದರಲ್ಲಿ ಅವಳು ಹಿಡಿದುಕೊಂಡದ್ದು ಅದೊಂದನ್ನೇ. “ಇಲ್ಲಮ್ಮಾ, ಒಂದು ದಿನಾನೂ ಇಲ್ಲ,” ಎಂದೆ. “ಊಟ ಆಯ್ತಾ?” ಎಂದು ಕೇಳಿ ಫೋನಿಟ್ಟಳು.

ಮಾರನೇ ದಿನ ಮಧ್ಯಾಹ್ನ ನಾನು ಬೀರುವಿನ ಮುಂದೆ ಕೂತಿದ್ದೆ. ಬೀರುವಿನ ಬಾಗಿಲ ಮೇಲೆ ಕಾಲುಚೀಲಗಳೂ ಇದ್ದವು, ಈಗ ನಾನೇ ಒಣಗಹಾಕಲು ಬಿಟ್ಟಿದ್ದೇನೆ. ಬಂತು ಮಾವ. ಎರಡು ತಿಂಗಳು ನುಂಗಿಕೊಂಡಿದ್ದೆಲ್ಲ ಒಂದೇ ಸಾಲಿನಲ್ಲಿ! ರಾಣಿಗೂ ರಾಜನಿಗೂ ಜಗಳವಾದದ್ದು, ರಾಜಿಯಾದದ್ದು, ಒಂದು ಊರಿನಲ್ಲಿ ಸಿಂಹಾಸನದಡಿ ಬೆಕ್ಕು ಮರಿ ಹಾಕಿದ್ದು, ಆ ಮರಿಗಳಿಗೆ ಅಮ್ಮ ಮಂತ್ರಿಯ ಪೇಟದಲ್ಲಿ ಹಾಸಿಗೆ ಮಾಡಿದ್ದು. ಪರದೆಯ ಮೇಲೆ ಓದುತ್ತ ಬಲಕ್ಕೆ ಸರಿಸುತ್ತ ಸರಿಸುತ್ತ ಕೈ ನೋವು ಬಂತು. ಸರ್ವರ್ ಮಿಸುಕಲಿಲ್ಲ. ಫ್ಯಾನು ಮೊದಲಿನ ಹಾಗೇ ಗುಂಯ್ ಎನ್ನುತ್ತಿತ್ತು. ನಾನು ಜೋರಾಗಿ ಅಳುವುದು ಕೇಳಿ ದಾದಿಯರು ಓಡಿಬಂದು, ಏನು ಕೆಟ್ಟುಹೋಯಿತು ಎಂದು ಕೇಳಿದರು. ಏನೂ ಕೆಟ್ಟಿಲ್ಲ ಎಂದೆ.

ಕೆಳಗಿನ ಖಾಲಿ ಜಾಗ ಪೂರ್ತಿ ತುಂಬಿ ಉತ್ತರ ಬರೆದೆ.

ಅಮ್ಮ ನಿಮಗೂ ಬರೆಯುತ್ತಾಳಂತೆ, ಕಾಗದದಲ್ಲೇ. “ಅವರು ನನಗೋಸ್ಕರ ಮೀಸೆ ಕಳ್ಕೊಂಡ್ರು, ಸುಮ್ನಿರೋದು ಚೆನ್ನಾಗಿರಲ್ಲ,” ಎಂದಳು. ಸಿದ್ಧರಾಗಿರಿ.

ನಿಮ್ಮ ಮಗಳು

—

ಜೂನ್ 10

ನಾಟಕ ತಂಡದ ದರ್ಜಿಯಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಅಂಚೆಯಣ್ಣ ಅದನ್ನು ಪೆಟ್ಟಿಗೆಗೆ ಹಾಕದೆ ಮೆಟ್ಟಿಲು ಹತ್ತಿ ಕೈಗೇ ತಂದುಕೊಟ್ಟ. ಕೊಡುತ್ತ, “ರಾಜನ ಮೀಸೆ ಸೂಪಿನಲ್ಲಿ ಬಿದ್ದಿದ್ದು ನಿಜಾನಾ ಸಾರ್?” ಎಂದು ಕೇಳಿದ. ನನಗೆ ಅರ್ಥವಾಗಲಿಲ್ಲ. ಆಮೇಲೆ ಲಕೋಟೆ ನೋಡಿದೆ. ನೀವು ಬರೆದದ್ದೆಲ್ಲ ಲಕೋಟೆಯ ಮೇಲಿತ್ತು. ಹಿಂದೆ, ಮುಂದೆ, ಅಂಟಿಸುವ ಮಡಿಕೆಯ ಮೇಲೆ, ಅಂಚೆಚೀಟಿಯ ಸುತ್ತ. ಅಂಚೆ ಕಚೇರಿಯವರೆಲ್ಲ ಓದಿದ್ದಾರಂತೆ. ಔತಣದ ದೃಶ್ಯದಲ್ಲಿ ಅಂಟು ಬಿಟ್ಟ ಮೀಸೆಯನ್ನು ರಾಜ ಚಮಚದಲ್ಲಿ ಎತ್ತಿ ‘ಅಡುಗೆಯವನನ್ನು ಹಿಡಿದು ತನ್ನಿ’ ಎಂದು ಗರ್ಜಿಸಿದನಲ್ಲ, ಅಲ್ಲಿ ಇಡೀ ಕಚೇರಿ ಕೆಲಸ ನಿಲ್ಲಿಸಿ ನಕ್ಕಿತಂತೆ.

ಲಕೋಟೆ ಒಡೆದರೆ ಒಳಗೊಂದು ಖಾಲಿ ಹಾಳೆ. ನನ್ನ ಹೆಂಡತಿ ಪಾಪ, ಬರೆಯಲು ಮರೆತಿದ್ದಾರೆ ಎಂದುಕೊಂಡಳು. ನನಗೆ ಮಾತ್ರ ತಕ್ಷಣ ಗೊತ್ತಾಯಿತು. ಅದೇ ಹಾಳೆಯ ಮೇಲೆ ಈಗ ಬರೆಯುತ್ತಿದ್ದೇನೆ.

ನಿಮ್ಮ ರಾಜನಿಗೆ ಮೀಸೆ ಬೇಕು, ನನ್ನದನ್ನು ಎಸೆದಿರದಿದ್ದರೆ ಕಳಿಸಿ ಎಂದು ಕೇಳಿದ್ದೀರಿ. ಎಸೆದಿರಲಿಲ್ಲ. ಕ್ಷೌರಿಕ ಅದನ್ನು ಬಟ್ಟೆಯಲ್ಲಿ ಸುತ್ತಿ ಕನ್ನಡಿಯ ಹಿಂದೆ ಬಚ್ಚಿಟ್ಟಿದ್ದ, ನಿಮ್ಮ ಕಾಗದ ಓದಿಸಿದ ಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ತಂದುಕೊಟ್ಟ. ಇದರೊಂದಿಗೆ ಇಟ್ಟಿದ್ದೇನೆ. ಎಡಭಾಗ ತುಸು ತೆಳು, ಯೋಚಿಸುವಾಗ ತಿರುವುವ ಚಟವಿತ್ತು. ಜಟ್ಟಿ ಜಾರಿ ಬಿದ್ದದ್ದು ನಿಜ ಅಮ್ಮಾ, ಆದರೆ ನೋಡಿ, ಮೀಸೆ ನಿಜಕ್ಕೂ ಮಣ್ಣಾಗಲಿಲ್ಲ, ಸಿಂಹಾಸನ ಏರಿತು.

ನಿಮ್ಮ ತಂಡ ನಮ್ಮ ಊರಿನ ದಾರಿಯಲ್ಲಿ ಬಂದರೆ ಮುಂದಿನ ಸಾಲಿನ ನಾಲ್ಕು ಕುರ್ಚಿ ನಮಗಿರಲಿ: ನನಗೆ, ನನ್ನ ಹೆಂಡತಿಗೆ, ಕ್ಷೌರಿಕನಿಗೆ, ನಿಮ್ಮ ಮಗಳಿಗೆ. ಅಂಚೆಯಣ್ಣನೂ ಬರುತ್ತಾನಂತೆ, ಐದು ಎನ್ನಿ. ಇನ್ನೂ ಹೇಳುವುದು ಬಹಳ ಇದೆ. ನನ್ನ ಹೆಂಡತಿ ಈಗ ನನ್ನನ್ನು ಏನೆಂದು ಕರೆಯುತ್ತಾಳೆ ಎಂಬುದನ್ನು ಹೇಳಲೇಬೇಕು, ಬೆಕ್ಕಿನ ಮರಿಗಳ ಬಗ್ಗೆ ಕೇಳಬೇಕು, ಟೆಲಿಫೋನ್ ಕಚೇರಿಯಲ್ಲಿ ಒಮ್ಮೆ ನಡೆದ ಒಂದು ಷರಾಯಿಯ ಕಥೆ ನನ್ನಲ್ಲೂ ಇದೆ. ಆದರೆ ಅಳತೆ ತೆಗೆಯದೆ ಬರೆಯಲು ಕೂತೆ, ಹಾಳೆಯ ಎರಡೂ ಬದಿ ತುಂಬಿಹೋಯಿತು. ಮಿಕ್ಕದ್ದನ್ನು ಲಕೋಟೆಯ ಮೇಲೆ ಬರೆದಿದ್ದೇನೆ, ತಿರುಗಿಸಿ ನೋಡಿ.